ಹೂಜಿ ಸಿಸ್ಟರ್ ಅವರ ಕಪ್ಪ ವಸೂಲಿ

ಹಿಂದಿನ ರಾಜರು ದಂಡೆತ್ತಿ ಹೋದರೆ ಸುಮ್ಮನೆ ಬರುತ್ತಿರಲಿಲ್ಲವಂತೆ. ಆನೆ, ಕುದುರೆ, ರತ್ನಗಂಬಳಿ ಎಂದು ಕಪ್ಪ ಕಾಣಿಕೆ ಹೊರಿಸಿಕೊಂಡೇ ಬರುತ್ತಿದ್ದರಂತೆ. ಆಸ್ಪತ್ರೆ ಬೀದಿಯ ಚಕ್ರವರ್ತಿನಿ, ಅಂದರೆ ಅಲ್ಲಿನ ನರ್ಸ್ ಹೂಜಿ ಸಿಸ್ಟರ್, ಅಷ್ಟೆಲ್ಲ ಆಸೆಪಟ್ಟವರಲ್ಲ. ಅವರು ಎತ್ತುತ್ತಿದ್ದ ಕಪ್ಪ ಒಂದೇ: ನೀರು. ಅದೂ ಏಸಿ ಯಂತ್ರದ ಹಿಂಬದಿಯ ಕೊಳವೆಯಿಂದ ಜಿಪುಣನ ಕಣ್ಣೀರಿನ ಹಾಗೆ ತೊಟ್ಟಿಕ್ಕುವ ನೀರು.

ಬೆಳಿಗ್ಗೆ ಡ್ಯೂಟಿಗೆ ಹೋಗುತ್ತ ಅವರು ಒಂದೊಂದು ಕೊಳವೆಯ ಕೆಳಗೂ ಒಂದೊಂದು ಖಾಲಿ ಬಾಟಲಿಯನ್ನು ಕಾವಲಿಗೆ ನಿಲ್ಲಿಸುತ್ತಿದ್ದರು. ಸಂಜೆ ಬಿಳಿ ಸಮವಸ್ತ್ರದಲ್ಲೇ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ವಸೂಲಿಗೆ ಹೊರಟರೆಂದರೆ ಮೊದಲು ಶರಣಾಗುತ್ತಿದ್ದುದು ಬ್ಯಾಂಕು. ಆಮೇಲೆ ಒಡವೆ ಅಂಗಡಿ. ಆಮೇಲೆ ಹಲ್ಲಿನ ಡಾಕ್ಟರು, ಔಷಧದ ಅಂಗಡಿ, ಬಟ್ಟೆ ಅಂಗಡಿ. ಆ ಊರಿನ ಗಾಳಿಯೇ ಒಣಕಲು, ಹಾಗಾಗಿ ಏಸಿಗಳಿಗೂ ಹನಿ ಬಿಡಲು ಮನಸ್ಸಿಲ್ಲ. ಬೀದಿಯ ಸಾಮಂತರೆಲ್ಲ ಸೇರಿ ಒಪ್ಪಿಸಿದರೂ ಚೀಲ ಭಾರವೆನಿಸುತ್ತಿರಲಿಲ್ಲ. ಆದರೂ ಒಂದು ಬಾಟಲಿ ಉರುಳಿದ್ದರೆ ಸಿಸ್ಟರ್ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದ ಭಂಗಿಗೆ ಒಡವೆ ಅಂಗಡಿಯ ಸಾಹುಕಾರರೇ ಕುರ್ಚಿಯಿಂದೆದ್ದು ಬರುತ್ತಿದ್ದರು.

ಇಷ್ಟು ಸಾಲದೇ ಜನಕ್ಕೆ? ಕಥೆಗಳು ಹುಟ್ಟಿದವು. ಆ ನೀರಲ್ಲಿ ಮುಖ ತೊಳೆಯುವುದರಿಂದಲೇ ಐವತ್ತರ ಹತ್ತಿರ ಬಂದರೂ ಅವರ ಮುಖದಲ್ಲಿ ಸುಕ್ಕಿಲ್ಲ ಎಂದು ಬಟ್ಟೆ ಅಂಗಡಿಯ ಹುಡುಗಿಯರು ಹೇಳಿದರು. ಮುಖಕ್ಕಲ್ಲ, ಇಂಜೆಕ್ಷನ್ನಿಗೆ ಬೆರೆಸುತ್ತಾರೆ, ಅದಕ್ಕೇ ಅವರು ಚುಚ್ಚಿದರೆ ನೋಯುವುದಿಲ್ಲ ಎಂದು ಔಷಧದ ಅಂಗಡಿಯವನು ತಿದ್ದಿದ. ಬ್ಯಾಂಕಿನ ಗಾರ್ಡು ಏನೂ ಹೇಳಲಿಲ್ಲ. ಆತನದು ಬೋಳುತಲೆ. ಮಧ್ಯಾಹ್ನ ಯಾರೂ ಇಲ್ಲದಾಗ ಟೋಪಿ ತೆಗೆದು, ಕೊಳವೆಯ ಕೆಳಗೆ ತಲೆಯೊಡ್ಡಿ, ಎರಡು ಹನಿ ಬಿದ್ದಮೇಲೆ ಮತ್ತೆ ಟೋಪಿ ಹಾಕಿಕೊಳ್ಳುತ್ತಿದ್ದುದನ್ನು ಎದುರಿನ ಹಲ್ಲಿನ ಡಾಕ್ಟರು ಕಿಟಕಿಯಿಂದ ನೋಡಿ, ರೋಗಿಯ ಬಾಯಲ್ಲಿ ಉಪಕರಣವಿದ್ದಾಗಲೇ ನಕ್ಕಿದ್ದರು.

ನಿಜ ಸಂಗತಿಗೆ ಸಮುದ್ರದ ದಂಡೆಗೆ ಹೋಗಬೇಕು.

ಸಿಸ್ಟರ್ ಮೊದಲು ಕೆಲಸದಲ್ಲಿದ್ದುದು ಕಡಲ ಪಕ್ಕದ ಊರಿನ ಆಸ್ಪತ್ರೆಯಲ್ಲಿ. ಅಲ್ಲಿ ಬೆನ್ನುನೋವೆಂದು ಬಂದು ಮಲಗಿದ್ದ ಮುದುಕರೊಬ್ಬರು ಇಡೀ ಬದುಕನ್ನು ಗಿಡ ಮಾರಿ ಕಳೆದವರು. ವಾರ್ಡಿನಲ್ಲಿ ಎಲ್ಲರಿಗೂ ಅವರು ನರ್ಸರಿ ತಾತ. ಮನೆಗೆ ಹೋಗುವ ದಿನ, ನೋಯದ ಹಾಗೆ ಚುಚ್ಚಿದ್ದಕ್ಕೆ ಬಹುಮಾನವೆಂದು, ಸಿಸ್ಟರ್ ಕೈಗೆ ಒಂದು ಪುಟ್ಟ ಗಿಡ ಕೊಟ್ಟರು. ನೋಡಲು ಏನೂ ಇಲ್ಲ, ನಾಲ್ಕು ಎಲೆ. ಆದರೆ ಒಂದೊಂದು ಎಲೆಯ ತುದಿಯಿಂದಲೂ ಒಂದು ದಾರ ಇಳಿದು, ದಾರದ ಕೊನೆಯಲ್ಲಿ ಹೆಬ್ಬೆರಳಷ್ಟು ಹೂಜಿ, ಹೂಜಿಗೊಂದು ಮುಚ್ಚಳ. ಒಳಗೆ ಒಂದಿಷ್ಟು ಅಂಟುನೀರು. ಸಿಹಿಯ ಆಸೆಗೆ ಬಂದ ನೊಣ ಅಂಚಿನಲ್ಲಿ ಜಾರಿ ಒಳಗೆ ಬಿದ್ದರೆ ಅದರ ಕಥೆ ಮುಗಿಯಿತು, ಗಿಡದ ಊಟ ಆಯಿತು.

ಸಿಸ್ಟರ್ ಅದನ್ನು ಬಾಲ್ಕನಿಯಲ್ಲಿ ತೂಗುಹಾಕಿದರು. ಅಷ್ಟೇ ಮಾಡಿದ್ದು. ಒದ್ದೆ ಗಾಳಿ ಬಂತು, ಮಳೆ ಬಂತು, ಬೆಚ್ಚಗಿನ ಮೋಡ ಬಂತು. ವರ್ಷ ತಿರುಗುವುದರೊಳಗೆ ಗಿಡ ಹೂಜಿಗಳ ತೋರಣವಾಯಿತು. ಪಕ್ಕದ ಮನೆಯವರು ಬಂದು ನೋಡಿದರು, ಡಾಕ್ಟರು ಹೆಂಡತಿಯನ್ನು ಕರೆದುಕೊಂಡು ಬಂದು ತೋರಿಸಿದರು. "ಎಲ್ಲ ನನ್ನ ಕೈಗುಣ" ಎಂದು ಸಿಸ್ಟರ್ ಸೆರಗು ಸರಿಮಾಡಿಕೊಂಡರು. ಹೂಜಿ ಸಿಸ್ಟರ್ ಎಂಬ ಹೆಸರು ಬಂದದ್ದು ಆಗಲೇ. ವಾರ್ಡಿನಲ್ಲಿ ಅವರು ಆರೈಕೆ ಮಾಡಿದವರೆಲ್ಲ ಗುಣವಾದ ಕೂಡಲೇ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಿದ್ದರು. ಗುಣವಾದ ಮೇಲೂ ಅವರ ಬಳಿಯೇ ಉಳಿದ ರೋಗಿ ಈ ಗಿಡ ಒಂದೇ. ಅದರ ಮೇಲೆ ಜೀವ ಇಟ್ಟುಕೊಂಡಿದ್ದರೆ ಅದೇನು ತಪ್ಪಲ್ಲ.

ಅಷ್ಟರಲ್ಲಿ ವರ್ಗವಾಯಿತು. ಕಡಲಿನಿಂದ ದೂರದ, ಬಿಸಿಲು ಮತ್ತು ಧೂಳು ಬಿಟ್ಟರೆ ಬೇರೆ ಹವೆ ಗೊತ್ತಿಲ್ಲದ ಊರಿಗೆ. ಸುದ್ದಿ ಕೇಳಿ ನರ್ಸರಿ ತಾತ ಕೋಲೂರಿಕೊಂಡು ಬಂದರು.

"ಗಿಡ ಇಲ್ಲೇ ಬಿಟ್ಟು ಹೋಗಮ್ಮಾ. ಅಲ್ಲಿ ಒಗೆದ ಬಟ್ಟೆ ಹಿಂಡೋದರೊಳಗೆ ಒಣಗತ್ತಂತೆ."

"ನನ್ನ ಕೈಗುಣ ಇದೆಯಲ್ಲ ತಾತ, ನೋಡ್ಕೋತೀನಿ."

"ಕೈಗುಣ ನಿಂದಲ್ಲಮ್ಮಾ," ತಾತ ಕಿಟಕಿಯಾಚೆ ಕಡಲಿನತ್ತ ಕೋಲು ತೋರಿಸಿದರು, "ಅದರದ್ದು."

ಸಿಸ್ಟರ್ ಕಿವಿ ಕೆಂಪಾಯಿತು. "ಹಾಗಾದ್ರೆ ನೋಡೇಬಿಡೋಣ" ಎಂದರು.

"ನೋಡೋಣ. ಆ ಊರಲ್ಲಿ ಕಣ್ಣಿನ ಡಾಕ್ಟ್ರು ಒಳ್ಳೆಯವರಂತೆ. ನನ್ನ ಬಲಗಣ್ಣಿನ ಪೊರೆ ಬಲಿತ ಮೇಲೆ ಅಲ್ಲಿಗೇ ಬರ್ತೀನಿ. ಬಾಯಿ ತೆರೆದ ಹೂಜಿ ಒಂದೇ ಒಂದು ತೋರಿಸು, ಸಾಕು. ಇಲ್ಲದಿದ್ರೆ ಗಿಡ ನನ್ನ ಜೊತೆ ವಾಪಸ್ ಬರತ್ತೆ."

"ಆಗಲಿ!"

ಪಕ್ಕದಲ್ಲಿ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಸಿಸ್ಟರ್ ಯಜಮಾನರು ಮೆಲ್ಲಗೆ ಕೆಮ್ಮಿದರು. ಅವರು ದರ್ಜಿ. ಹೆಂಡತಿಗೆ ಎಲ್ಲಿಗೆ ವರ್ಗವೋ ಅಲ್ಲಿಗೆ ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗುವ ಸಾಧು ಪ್ರಾಣಿ. ಹೆಂಡತಿ "ಆಗಲಿ" ಎಂದಾಗಲೆಲ್ಲ ಆಗಿಸುವ ಕೆಲಸ ತಮ್ಮ ತಲೆಗೇ ಬರುತ್ತದೆಂದು ಅವರಿಗೆ ಅನುಭವದಿಂದ ಗೊತ್ತು.

ಹೊಸ ಊರಿಗೆ ಬಂದ ವಾರದೊಳಗೆ ಹೂಜಿಗಳು ಸುಟ್ಟ ಕಾಗದದ ಹಾಗೆ ಮುದುಡಿದವು. ಎಲೆಯ ಅಂಚು ಕಂದಿತು. ಹೊಸ ಎಲೆ ಬಂದರೂ ದಾರದ ತುದಿಯಲ್ಲಿ ಹೂಜಿಯಾಗಬೇಕಿದ್ದ ಮೊಗ್ಗು ಸಾಸಿವೆಯಷ್ಟು ಕರಿ ಚುಕ್ಕೆಯಾಗಿ ನಿಂತುಬಿಟ್ಟಿತು. ನಲ್ಲಿಯ ನೀರಂತೂ ಕೊಡದ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುವಷ್ಟು ಗಡಸು. ಗಿಡದ ಬುಡದಲ್ಲೂ ಬಿಳಿ ಪೊರೆ. ಕೈಗುಣದ ಬಣ್ಣ ಬಯಲಾಯಿತು. ಆ ಪೊರೆ ನೋಡಿದಾಗಲೆಲ್ಲ ಸಿಸ್ಟರಿಗೆ ತಾತನ ಕಣ್ಣಿನ ಪೊರೆ ನೆನಪಾಗುತ್ತಿತ್ತು. ದಿನ ಕಳೆದಂತೆ ಅಲ್ಲಿ ಪೊರೆ ಬಲಿಯುತ್ತಿದೆ, ಇಲ್ಲಿ ಗಿಡ ಸೊರಗುತ್ತಿದೆ.

ಒಂದು ಮಧ್ಯಾಹ್ನ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ಹೊರಗೆ ಏಸಿಯ ಕೊಳವೆಯಿಂದ ಹನಿ ಬೀಳುವುದು ಕಂಡಿತು. ಕೆಳಗಿನ ಕಲ್ಲು ವರ್ಷಗಟ್ಟಲೆ ನೆನೆದಿದ್ದರೂ ಅದರ ಮೇಲೆ ಸುಣ್ಣದ ಗೆರೆಯೇ ಇಲ್ಲ, ಹಸಿರು ಪಾಚಿ ಮಾತ್ರ. ಗಾಳಿಯೊಳಗಿನ ತೇವವೇ ಇಳಿದು ಬರುವುದು, ಅಂದರೆ ಮಳೆಯೇ ತಾನೇ ಎಂದು ಸಿಸ್ಟರ್ ಲೆಕ್ಕ ಹಾಕಿದರು. ಮಾರನೆಯ ದಿನವೇ ದಂಡಯಾತ್ರೆ ಶುರು.

ನೀರಾಯಿತು, ಇನ್ನು ಗಾಳಿ. ಮನೆಯಲ್ಲಿ ಸದಾ ಒದ್ದೆಯಿರುವ ಜಾಗವೆಂದರೆ ಬಚ್ಚಲು. ಪೂರ್ವದ ಕಿಟಕಿಯಿಂದ ಬೆಳಕೂ ಬೀಳುತ್ತಿತ್ತು. ಗಿಡ ಅಲ್ಲಿಗೆ ಹೋಯಿತು.

"ಏನ್ರೀ, ಮಳೆಕೋಟಿನ ಪ್ಲಾಸ್ಟಿಕ್ ಇದೆಯಲ್ಲ, ಅದರಲ್ಲಿ ಇದಕ್ಕೊಂದು ಡೇರೆ ಹೊಲಿದುಕೊಡಿ."

"ಅಳತೆ ಕೊಡು" ಎಂದರು ಯಜಮಾನರು.

"ಇವತ್ತಿನ ಅಳತೆ ಯಾಕೆ? ಬೆಳೆಯೋ ಮಗು ಅದು. ದೊಗಳೆಯಾಗಿ ಹೊಲಿಯಿರಿ."

ಯಜಮಾನರು ಹೊಲಿದರು. ಮೇಲೆ ಗಾಳಿಗೆ ಎರಡು ಕಿಂಡಿ, ಮುಂದೆ ಜಿಪ್ಪು, ಅಭ್ಯಾಸಬಲದಿಂದ ಪಕ್ಕದಲ್ಲೊಂದು ಜೇಬು. ಅಂದಿನಿಂದ ಮನೆಮಂದಿಯೆಲ್ಲ ಡೇರೆಗೆ ಬೆನ್ನು ತಾಗದ ಹಾಗೆ ಒಂಟಿಕಾಲಿನ ಕೊಕ್ಕರೆಗಳಾಗಿ ಸ್ನಾನ ಮಾಡತೊಡಗಿದರು. "ಬಚ್ಚಲಿಗೆ ಹೋಗೋಕೂ ಈಗ ಗಿಡದ ಅಪ್ಪಣೆ ಬೇಕು" ಎಂದು ಯಜಮಾನರ ತಾಯಿ, ಅಂದರೆ ಸಿಸ್ಟರ್ ಅತ್ತೆ, ಗೊಣಗಿದರು. ಗೊಣಗಿದರೂ ದಿನಕ್ಕೆ ನಾಲ್ಕು ಸಲ ಹೋಗಿ ಗಿಡವನ್ನು ಮಾತಾಡಿಸಿಕೊಂಡು ಬರುತ್ತಿದ್ದರು.

ಗಿಡ ಚಿಗುರಿತು. ಚಿಗುರಿತೆಂದರೆ ಎಂಥದು! ಎಲೆಗಳು ಬೀಸಣಿಗೆಯಷ್ಟು ಅಗಲ, ಎಣ್ಣೆ ಹಚ್ಚಿದಷ್ಟು ಹೊಳಪು. ಡೇರೆ ಬಿಗಿಯಾಯಿತು. ಸಿಸ್ಟರ್ ಹಿಗ್ಗಿದರು, ಬೀದಿಯಲ್ಲಿ ಚೀಲ ಬೀಸಿಕೊಂಡು ನಡೆದರು. ಆದರೆ ಹೂಜಿ? ಒಂದೂ ಇಲ್ಲ. ಎಲೆಯ ಮೇಲೆ ಎಲೆ, ತುದಿಯಲ್ಲಿ ಬರಿದೇ ದಾರ. ಸಂಸಾರದ ಚಿಂತೆಯಿಲ್ಲದ ಸೋಮಾರಿ ಅಳಿಯನ ಹಾಗೆ ಗಿಡ ಕೊಬ್ಬುತ್ತಿತ್ತೇ ಹೊರತು ಕೆಲಸ ಮಾಡುತ್ತಿರಲಿಲ್ಲ.

ಆಗ ತಾತನ ಫೋನು ಬಂತು. "ಬಲಿತಿದೆಯಂತಮ್ಮಾ! ಮಳೆಗಾಲ ಶುರುವಾಗೋ ಮುಂಚೆ ಬರ್ತೀನಿ. ಹೂಜಿ ಹೇಗಿದೆ?"

"ಎಲೆ ಚೆನ್ನಾಗಿದೆ ತಾತ."

"ನಾನು ಎಲೆ ಕೇಳಲಿಲ್ಲ" ಎಂದು ತಾತ ನಕ್ಕರು. ನಗುವಿನಲ್ಲಿ ಕಡಲಿನ ಸದ್ದಿತ್ತು. "ಒಂದು ಒಳ್ಳೆ ಬುಟ್ಟಿ ತರ್ತೀನಿ. ವಾಪಸ್ ಒಯ್ಯೋಕೆ ಬೇಕಾಗತ್ತಲ್ಲ."

ಫೋನಿಟ್ಟ ಸಿಸ್ಟರ್ ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತರು. ಹರಳೆಣ್ಣೆ ಕುಡಿದ ಮುಖ. ವಾರ್ಡಿನಲ್ಲಿ ಎಂಥೆಂಥ ರಕ್ತಕ್ಕೂ ಹೆದರದ ಸೊಸೆಯ ಕಣ್ಣಲ್ಲಿ ನೀರು ಕಂಡು ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಪಕ್ಕದಲ್ಲಿ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟರು.

"ಅಳಬೇಡ ಬಿಡು. ನಾಳೆಯಿಂದ ಇನ್ನೂ ಒಂದು ಲೋಟ ಜಾಸ್ತಿ ಹಾಕ್ತೀನಿ."

ಸಿಸ್ಟರ್ ತಲೆಯೆತ್ತಿದರು. "ಏನು ಜಾಸ್ತಿ ಹಾಕ್ತೀರಿ ಅತ್ತೆ?"

"ಅದೇ, ಹಾಲಿನ ಪಾತ್ರೆ ತೊಳೆದ ನೀರು. ಚಹಾದ ಚರಟ. ಮೊನ್ನೆ ಗೊಬ್ಬರದ ಅಂಗಡಿಯಿಂದ ಒಂದು ಪೊಟ್ಟಣಾನೂ ತರಿಸಿದ್ದೆ, ಎಲ್ಲಾನೂ ಕಲಸಿ ಹಾಕಿದ್ದೀನಿ."

"ಯಾವಾಗಿಂದ?"

"ಅದು ಬಚ್ಚಲಿಗೆ ಬಂದಾಗಿನಿಂದ! ನೀನೋ ಆಸ್ಪತ್ರೆಗೆ ಹೋಗ್ತೀಯ, ನಿನ್ನ ಗಂಡನೋ ಬಟ್ಟೆ ಬಿಟ್ಟು ತಲೆ ಎತ್ತಲ್ಲ. ಪಾಪ, ಅದರ ಹೊಟ್ಟೆ ಯಾರು ನೋಡಬೇಕು? ನಮ್ಮನೆ ಗಿಡಕ್ಕೆ ನೊಣ ತಿಂದು ಬದುಕೋ ಗತಿ ಬಂತಾ? ನಾಳೆ ಯಾರಾದ್ರೂ ಕೇಳಿದ್ರೆ ಏನು ಮರ್ಯಾದೆ?"

ಸಿಸ್ಟರ್ ಗಿಡ ನೋಡಿದರು, ಅತ್ತೆಯನ್ನು ನೋಡಿದರು. ಇಪ್ಪತ್ತೈದು ವರ್ಷ ವಾರ್ಡಿನಲ್ಲಿ ಹೊಟ್ಟೆ ತುಂಬಿದ ರೋಗಿ ಎದ್ದು ಓಡಾಡದಿರುವುದನ್ನು ಕಂಡವರಿಗೆ ಮುಂದಿನದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇರಿಗೇ ಊಟ ಬಂದು ಬೀಳುವಾಗ ಈ ಗಿಡ ಯಾವ ಸುಖಕ್ಕೆ ಬಾಯಿ ಬಿಡಬೇಕು? ಹೂಜಿ ಅಂದರೆ ಅದರ ಬಾಯಿ, ಅದರ ಬಲೆ, ಅದರ ದುಡಿಮೆ. ಹಸಿವಿಲ್ಲದವನು ಬಲೆ ಹೆಣೆಯುತ್ತಾನೆಯೇ?

ಬೇರೆ ಮನೆಯಾಗಿದ್ದರೆ ಇಲ್ಲಿ ಅತ್ತೆ ಸೊಸೆಯ ಮಹಾಯುದ್ಧ ನಡೆದು ಕಥೆ ಬೇರೆ ದಾರಿ ಹಿಡಿಯುತ್ತಿತ್ತು. ಸಿಸ್ಟರ್ ಬೈಯಲಿಲ್ಲ. ಹಟಮಾರಿ ರೋಗಿಯನ್ನು ಒಲಿಸಿಕೊಳ್ಳುವ ವಿದ್ಯೆ ಅವರಿಗೆ ಕರತಲಾಮಲಕ.

"ಅತ್ತೆ, ಇದಕ್ಕೆ ಅಜೀರ್ಣ ಆಗಿದೆ. ಪಥ್ಯ ಮಾಡಿಸಬೇಕು. ನಾನು ಡ್ಯೂಟಿಗೆ ಹೋದ್ಮೇಲೆ ಯಾರೂ ಇದಕ್ಕೆ ಏನೂ ಕೊಡದ ಹಾಗೆ ಕಾಯೋರು ಬೇಕಲ್ಲ, ಯಾರಿದ್ದಾರೆ?"

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. "ನಾನಿಲ್ವಾ?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕಾಲ ಬಂತು. ಹಳೇ ಮಣ್ಣನ್ನೆಲ್ಲ ಉದುರಿಸಿ, ತೊಳೆದ ತೆಂಗಿನ ನಾರು ಮತ್ತು ಪಾಚಿಯಲ್ಲಿ ಗಿಡವನ್ನು ಮತ್ತೆ ಕೂರಿಸಿದರು. ಬೀದಿಯ ಸಾಮಂತರ ಮೇಲೆ ಕಪ್ಪ ಏರಿತು. ಡ್ರೈವಿಂಗ್ ಸ್ಕೂಲಿನ ಏಸಿ, ಕನ್ನಡಕದ ಅಂಗಡಿಯ ಏಸಿ ಹೊಸದಾಗಿ ಸಾಮ್ರಾಜ್ಯಕ್ಕೆ ಸೇರಿದವು. ದಿನವೂ ಆ ನೀರು ಮೇಲಿಂದ ಸುರಿದು ಕೆಳಗೆ ಹರಿದು, ಅತ್ತೆ ಉಣಿಸಿದ ಮೃಷ್ಟಾನ್ನವನ್ನೆಲ್ಲ ತೊಳೆದುಕೊಂಡು ಹೋಯಿತು. ಅತ್ತೆ ಬಚ್ಚಲ ಬಾಗಿಲಿಗೆ ಮಣೆ ಹಾಕಿಕೊಂಡು ಕೂತರು.

"ಏ, ಸೋಪಿನ ನೊರೆ ಹಾರಿಸಬೇಡ! ಪಥ್ಯದಲ್ಲಿದೆ ಅದು."

"ಅಮ್ಮಾ, ನಾನು ಸ್ನಾನ ಮಾಡ್ತಿದ್ದೀನಿ" ಎಂದು ಒಳಗಿನಿಂದ ಯಜಮಾನರ ಆರ್ತನಾದ.

"ಮಾಡು. ನೊರೆ ಇಲ್ಲದೆ ಮಾಡು."

ಒಂದು ಬೆಳಿಗ್ಗೆ ಅತ್ತೆಯ ಕೂಗಿಗೆ ಪಕ್ಕದ ಮನೆಯವರೂ ಓಡಿ ಬಂದರು. ಹೊಸ ಎಲೆಯ ದಾರದ ತುದಿ ಊದಿಕೊಂಡು ಮೇಲಕ್ಕೆ ಕೊಂಕಿತ್ತು. ಮೊದಲು ಅಕ್ಕಿಕಾಳು, ಆಮೇಲೆ ಹುಣಸೆಬೀಜ, ಆಮೇಲೆ ಕಿರುಬೆರಳು. ಹೂಜಿ ಬೆಳೆಯಿತು, ಕೆಂಪು ಗೆರೆ ಮೂಡಿತು. ಆದರೆ ಮುಚ್ಚಳ ಮಾತ್ರ ತುಟಿ ಬಿಗಿದ ಹಾಗೆ ಮುಚ್ಚಿಕೊಂಡೇ ಇತ್ತು. ಮಾತು ಆಗಿದ್ದುದು ಬಾಯಿ ತೆರೆದ ಹೂಜಿಗೆ.

ತಾತ ಬಂದೇಬಿಟ್ಟರು. ಕೈಯಲ್ಲಿ ಬುಟ್ಟಿ. ಗಿಡ ನೋಡಲು ಮನೆಗೆ ಬರುವುದಿಲ್ಲ ಎಂದರು. "ಈ ಮಂಜುಗಣ್ಣಲ್ಲಿ ನೋಡಿ, ಇದ್ದದ್ದು ಇಲ್ಲ ಅಂದ್ರೆ ನಿನಗೆ ಅನ್ಯಾಯ, ಇಲ್ಲದ್ದು ಇದೆ ಅಂದ್ರೆ ನನಗೆ. ಪಟ್ಟಿ ಬಿಚ್ಚಿದ ಮೇಲೆ ಹೊಸ ಕಣ್ಣಲ್ಲೇ ನೋಡ್ತೀನಿ." ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವುದು ಮಾರನೆಯ ಬೆಳಿಗ್ಗೆ.

ಆ ಬೆಳಿಗ್ಗೆ ಸಿಸ್ಟರ್ ಬಚ್ಚಲ ಬಾಗಿಲು ತೆಗೆಯಲು ಹೆದರಿ ನಿಂತಿದ್ದರು. ಅತ್ತೆಯೇ ನುಗ್ಗಿದರು. ಡೇರೆಯ ಜಿಪ್ಪು ಎಳೆದ ಸದ್ದು ಕೇಳಿತು. ಆಮೇಲೆ ನಿಶ್ಶಬ್ದ. ಅತ್ತೆ ಸುಮ್ಮನಾದದ್ದು ಆ ಮನೆಯ ಚರಿತ್ರೆಯಲ್ಲೇ ಮೊದಲು.

"ಅತ್ತೆ?"

"ಬಾಯಿ ಬಿಟ್ಟಿದೆ ಕಣೇ" ಎಂದರು ಅತ್ತೆ, ಪಿಸುದನಿಯಲ್ಲಿ. "ಹಸಿದಿದೆ, ಪಾಪ."

ಮುಂದಿನದು ಮೆರವಣಿಗೆಯೇ. ಯಜಮಾನರು ಸ್ಕೂಟರಿನಲ್ಲಿ, ಹಿಂದೆ ಸಿಸ್ಟರ್, ಅವರ ತೊಡೆಯ ಮೇಲೆ ಡೇರೆಯೊಳಗೆ ಗಿಡ. ಸ್ಕೂಟರು ಆನೆಯ ಗತ್ತಿನಲ್ಲಿ, ಅಂದರೆ ಆಟೋಗಳೆಲ್ಲ ಹಾರ್ನ್ ಹೊಡೆಯುವಷ್ಟು ನಿಧಾನವಾಗಿ, ಬೀದಿಯಲ್ಲಿ ಸಾಗಿತು. ಸಾಮಂತರು ಬಾಗಿಲುಗಳಿಗೆ ಬಂದರು. ಬ್ಯಾಂಕಿನ ಗಾರ್ಡು ಏನೆಂದು ತಿಳಿಯದೆಯೇ ಸಲ್ಯೂಟ್ ಹೊಡೆದ. ಗಿಡ ವಾರ್ಡಿನೊಳಗೆ ಬರಕೂಡದು ಎಂದು ಕಣ್ಣಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ, ತಾತನನ್ನು ತಾವೇ ಕೈಹಿಡಿದು ವರಾಂಡಕ್ಕೆ ಕರೆತಂದರು. ಅವರಿಗೂ ನೋಡುವ ಆಸೆ.

ತಾತ ಹೊಸ ಕಣ್ಣು ಮಿಟುಕಿಸಿದರು. ಬಾಗಿದರು. ಹೂಜಿ ಅಂಗೈಯುದ್ದ ಇತ್ತು, ಹಸಿರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ. ಮುಚ್ಚಳ ಮೇಲೆ ನಿಂತಿತ್ತು. ಅಂಚು ಒದ್ದೆಯಾಗಿ ಹೊಳೆಯುತ್ತಿತ್ತು.

"ಡಾಕ್ಟ್ರೇ, ಆಪರೇಷನ್ ಸರಿಯಾಗಿ ಆಗಿದೆ ತಾನೇ?"

"ಆಗಿದೆ ತಾತ. ನನಗೂ ಅದೇ ಕಾಣ್ತಿದೆ."

ತಾತ ನೆಟ್ಟಗಾದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಸಿಸ್ಟರಿಗೆ ಎರಡೂ ಕೈ ಜೋಡಿಸಿದರು. "ಸಮುದ್ರ ಇಲ್ಲದೆ ಮಾಡಿದೆಯಲ್ಲಮ್ಮಾ! ಕೈಗುಣ ನಿಂದೇ. ಅವತ್ತು ಆಡಿದ ಮಾತು ವಾಪಸ್ ತಗೊಂಡೆ." ಆಮೇಲೆ ಬುಟ್ಟಿ ಮುಂದೆ ಮಾಡಿದರು. ಅದು ಖಾಲಿ ಇರಲಿಲ್ಲ. ಒಳಗೆ ಬಡಕಲು ಗಿಡವೊಂದು ಮುದುಡಿ ಕೂತಿತ್ತು. "ಇದು ಬೆಟ್ಟದ ಜಾತಿ. ಹಗಲು ಹೇಗಿದ್ರೂ ಸರಿ, ರಾತ್ರಿ ಚಳಿ ಬೇಕು ಇದಕ್ಕೆ. ನಮ್ಮೂರಲ್ಲಿ ರಾತ್ರಿನೂ ಬೆವರತ್ತೆ. ಎಷ್ಟು ವರ್ಷ ಸಾಕಿದ್ರೂ ನನ್ನ ಕೈಲಿ ಒಂದು ಹೂಜಿ ಬಿಟ್ಟಿಲ್ಲ. ನೀನು ಗೆದ್ರೆ ಕೊಡೋಣ ಅಂತ ತಂದಿದ್ದೆ. ಸೋತಿದ್ರೆ, ಎರಡನ್ನೂ ವಾಪಸ್ ಒಯ್ತಿದ್ದೆ."

ಸಿಸ್ಟರ್ ಬುಟ್ಟಿ ತೆಗೆದುಕೊಂಡು, "ಆಗಲಿ" ಎಂದರು.

ಯಜಮಾನರು ಕೆಮ್ಮಿದರು. ಆದರೆ ಈ ಸಲ ಜೇಬಿನಿಂದ ಅಳತೆಯ ಟೇಪು ಆಗಲೇ ಹೊರಬಂದಿತ್ತು.

ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆ, ಅದಕ್ಕೆ ಯಜಮಾನರು ಹೊಲಿದ ಹತ್ತಿಯ ಕೌದಿ, ಸಂಜೆಯಾಗುತ್ತಲೇ ಫ್ರಿಜ್ಜಿನಿಂದ ಬಾಟಲಿಗಳಲ್ಲಿ ಗಡ್ಡೆ ಕಟ್ಟಿದ ನೀರು. ಇಷ್ಟರಲ್ಲಿ ಬೆಟ್ಟದ ರಾತ್ರಿ ತಯಾರು. "ಮನುಷ್ಯರು ಸೆಖೆಗೆ ಸಾಯ್ತಿದ್ದೀವಿ, ಇದಕ್ಕೆ ಕೌದಿ ಹೊದಿಸಿ ಐಸು!" ಎಂದು ಅತ್ತೆ ಬೆರಗಾದರು. ಪೆಟ್ಟಿಗೆಗೆ ಬೆನ್ನೊರಗಿಸಿ ಕೂತರೆ ತಂಪೆಂದು ಮಣೆಯನ್ನು ಅಲ್ಲಿಗೇ ಜರುಗಿಸಿಕೊಂಡರು. ಕಾವಲೂ ಆಯಿತು, ಸುಖವೂ ಆಯಿತು. ಊಟ ಹಾಕುವ ಯೋಚನೆ ಒಂದೆರಡು ಸಲ ಬಂದಿತ್ತಂತೆ, ಕೈ ಕಟ್ಟಿಕೊಂಡರಂತೆ.

ತಾತನ ಎಡಗಣ್ಣಿನ ಪೊರೆ ಬಲಿಯಲು ವರ್ಷ ಹಿಡಿಯಿತು. ಎರಡನೇ ಪಟ್ಟಿ ಬಿಚ್ಚಿದ ದಿನ ವರಾಂಡದಲ್ಲಿ ಜಾತ್ರೆಯಷ್ಟು ಜನ. ಕೌದಿ ಸರಿಸಿದಾಗ ಕಂಡದ್ದು ಕತ್ತಲ ನೇರಳೆ ಬಣ್ಣದ ಪುಟ್ಟ ಹೂಜಿ, ಬಾಯಿ ಅಗಲ ತೆರೆದು, ಅಂಚಿನ ಸುತ್ತ ಹಲ್ಲಿನಂಥ ಗೆರೆಗಳು. ಹಲ್ಲಿನ ಡಾಕ್ಟರು ಮೆಚ್ಚಿ ತಲೆದೂಗಿದರು. ತಾತ ಎರಡೂ ಕಣ್ಣಲ್ಲಿ ನೋಡಿದರು, ಒಂದೊಂದನ್ನೇ ಮುಚ್ಚಿ ನೋಡಿದರು, ಕೊನೆಗೆ ಎರಡೂ ಒದ್ದೆಯಾದವು. "ಕಣ್ಣು ಒರೆಸ್ಕೋಬೇಡಿ!" ಎಂದು ಡಾಕ್ಟರೂ ಸಿಸ್ಟರೂ ಒಟ್ಟಿಗೇ ಗದರಿದರು.

ಕಡಲ ಗಿಡ ಧೂಳಿನೂರಲ್ಲಿ, ಬೆಟ್ಟದ ಗಿಡ ಬಿಸಿಲಿನೂರಲ್ಲಿ! ಜನ ಚಪ್ಪಾಳೆ ತಟ್ಟಿದರು. ಒಡವೆ ಅಂಗಡಿಯ ಸಾಹುಕಾರರು ತಮ್ಮ ಏಸಿಯ ಪಾತ್ರವೇನೆಂದು ಪಕ್ಕದವರಿಗೆ ವಿವರಿಸತೊಡಗಿದರು. ಆಗ ಗುಂಪಿನ ಹಿಂದಿನಿಂದ ಬ್ಯಾಂಕಿನ ಗಾರ್ಡು ಮುಂದೆ ಬಂದ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ತಲೆ ಮೊದಲಿನಷ್ಟೇ ನುಣ್ಣಗೆ ಹೊಳೆಯುತ್ತಿತ್ತು.

"ಸಿಸ್ಟರ್, ಇವತ್ತಾದ್ರೂ ನಿಜ ಹೇಳಿಬಿಡಿ. ನಮ್ಮ ಏಸಿ ನೀರಲ್ಲಿ ಅಂಥಾದ್ದು ಏನಿದೆ?"

ಸಿಸ್ಟರ್ ಪೆಟ್ಟಿಗೆಗೆ ಮತ್ತೆ ಕೌದಿ ಹೊದಿಸುತ್ತಿದ್ದವರು ತಲೆಯೆತ್ತಿ ಆತನನ್ನು ನೋಡಿದರು.

"ಏನೂ ಇಲ್ಲಪ್ಪ. ಅದಕ್ಕೇ ಒಯ್ಯೋದು."